ಮೇಸ್ತ್ರಿಗೆ ದಿನಕ್ಕೆ ಸಾವಿರ, ವರ್ಷಕ್ಕೆ ಎಷ್ಟು?

ಕಳೆದ ಸಂಚಿಕೆಯಲ್ಲಿ ಸಿಮೆಂಟು, ಕಬ್ಬಿಣದ ರೇಟಿನ ಬಗ್ಗೆ ಬರೆದಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಸಿಮೆಂಟನ್ನು ಬಿಟ್ಟು ಆಳುಗಳ ಕೂಲಿಯನ್ನೇ ಹಿಡಿದುಕೊಂಡಿವೆ. ಕೂಲಿ ಕೊಡುವವರೂ ಬರೆದಿದ್ದಾರೆ, ಪಡೆಯುವವರೂ ಬರೆದಿದ್ದಾರೆ, ಇಬ್ಬರಿಗೂ ಸಿಟ್ಟು. ಹಾಗಾಗಿ ಈ ಸಲ ಪೂರ್ತಿ ಅಂಕಣ ಕಟ್ಟಡ ಕೆಲಸಕ್ಕೇ. ಹೆಸರು ಬೇಡ ಎಂದು ಹಲವರು ಕೇಳಿಕೊಂಡಿದ್ದರಿಂದ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಹತ್ತು ವರ್ಷದ ಹಿಂದೆ ಅಣ್ಣನ ಮನೆ ಕಟ್ಟುವಾಗ ಮೇಸ್ತ್ರಿಗೆ 600, ಹೆಲ್ಪರ್‌ಗೆ 350 ಕೊಟ್ಟಿದ್ದೆವು. ಈಗ ನನ್ನ ಮನೆಗೆ ಮೇಸ್ತ್ರಿ ಸಾವಿರ ಕೇಳುತ್ತಾನೆ, ಹೆಲ್ಪರ್ 600. ತಿಂಗಳಿಗೆ 30 ಸಾವಿರ ಆಯಿತಲ್ಲ ಸ್ವಾಮಿ! ಖಾಸಗಿ ಶಾಲೆ ಮೇಷ್ಟ್ರಾಗಿರುವ ನನಗೇ ಅಷ್ಟು ಸಂಬಳ ಇಲ್ಲ. ಇವರ ಕೂಲಿ ಹೀಗೆ ಏರುತ್ತಾ ಹೋದರೆ ನಮ್ಮಂಥವರು ಮನೆ ಕಟ್ಟುವುದು ಹೇಗೆ? — ಮನೆ ಕಟ್ಟಿಸುತ್ತಿರುವವರು, ತುಮಕೂರು

ಉತ್ತರ: ಮೇಷ್ಟ್ರೇ, ನೀವು ಲೆಕ್ಕದ ಮೇಷ್ಟ್ರಲ್ಲ ಅಂದುಕೊಳ್ಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ, ಒಮ್ಮೆ ಕೂತು ಲೆಕ್ಕ ಹಾಕೋಣ.

2014-15ರಿಂದ 2024-25ರ ನಡುವೆ ದೇಶದಲ್ಲಿ ದಿನಬಳಕೆ ಸಾಮಾನುಗಳ ಬೆಲೆ ಸುಮಾರು ಶೇ. 60ರಷ್ಟು ಏರಿದೆ. ಅಂದರೆ ಆಗ 600 ರೂಪಾಯಿಗೆ ಬರುತ್ತಿದ್ದ ಅಕ್ಕಿ, ಎಣ್ಣೆ, ಬಾಡಿಗೆ, ಮಾತ್ರೆಗೆ ಈಗ 960 ಬೇಕು. ನಿಮ್ಮ ಮೇಸ್ತ್ರಿ ಕೇಳುತ್ತಿರುವುದು ಸಾವಿರ. ಹತ್ತು ವರ್ಷ ಗಾರೆ ಕೆಲಸ ಮಾಡಿದ್ದಕ್ಕೆ ಅವನಿಗೆ ನಿಜವಾಗಿ ಸಿಕ್ಕ ಏರಿಕೆ 40 ರೂಪಾಯಿ. ಹೆಲ್ಪರ್ ಲೆಕ್ಕ ಹಾಕಿದರೂ ಅಷ್ಟೇ, 350 ಇದ್ದದ್ದು 560 ಆಗಬೇಕಿತ್ತು, 600 ಆಗಿದೆ. ಅಲ್ಲೂ 40.

ಇದು ನಿಮ್ಮ ಊರಿನ ಕಥೆ ಮಾತ್ರ ಅಲ್ಲ. ರಿಸರ್ವ್ ಬ್ಯಾಂಕ್ ಪ್ರತಿ ವರ್ಷ ರಾಜ್ಯವಾರು ದಿನಗೂಲಿಯ ಅಂಕಿ ಪ್ರಕಟಿಸುತ್ತದೆ. ಅದನ್ನಿಟ್ಟುಕೊಂಡು ಅರ್ಥಶಾಸ್ತ್ರಜ್ಞ ಜಾನ್ ಡ್ರೇಜ್ 2014-15ರಿಂದ 2021-22ರವರೆಗಿನ ಲೆಕ್ಕ ಹಾಕಿದ್ದರು. ಬೆಲೆ ಏರಿಕೆ ಕಳೆದರೆ ಹಳ್ಳಿಗಳಲ್ಲಿ ಹೊಲದ ಕೂಲಿ ಇರಲಿ, ಕಟ್ಟಡದ ಕೂಲಿ ಇರಲಿ, ವರ್ಷಕ್ಕೆ ಶೇ. 1ರಷ್ಟೂ ಏರಿಲ್ಲ. ಆ ಅವಧಿಯಲ್ಲಿ ದೇಶದ ಆರ್ಥಿಕತೆ ಎಷ್ಟು ದೊಡ್ಡದಾಯಿತು ಎಂಬ ಭಾಷಣಗಳನ್ನು ನೀವೂ ಕೇಳಿದ್ದೀರಿ, ನಾನೂ ಕೇಳಿದ್ದೇನೆ.

ಇನ್ನು ತಿಂಗಳಿಗೆ 30 ಸಾವಿರದ ಮಾತು. ನಿಮಗೆ ಭಾನುವಾರವೂ ಸಂಬಳ, ದಸರಾ ರಜೆಯಲ್ಲೂ ಸಂಬಳ. ಅವನಿಗೆ ಕೆಲಸಕ್ಕೆ ಬಂದ ದಿನ ಮಾತ್ರ ದುಡ್ಡು. ಮಳೆ ಹಿಡಿದರೆ ಇಲ್ಲ, ಮರಳು ಬಂದಿಲ್ಲ ಅಂದರೆ ಇಲ್ಲ, ನಿಮ್ಮ ಬ್ಯಾಂಕ್ ಲೋನಿನ ಎರಡನೇ ಕಂತು ತಡ ಆದರೆ ಇಲ್ಲ, ತಾರಸಿಗೆ ಮೋಲ್ಡ್ ಹಾಕಿ ಕಾಂಕ್ರೀಟ್ ಗಟ್ಟಿಯಾಗಲಿ (ಕ್ಯೂರಿಂಗ್) ಅಂತ ಬಿಟ್ಟಾಗ ಬೇರೆ ಕಡೆ ಕೆಲಸ ಹುಡುಕಿಕೊಳ್ಳಬೇಕು, ಒಂದು ಮನೆ ಮುಗಿದು ಇನ್ನೊಂದು ಸಿಗುವವರೆಗೆ ವಾರಗಟ್ಟಲೆ ಖಾಲಿ ಕೂರಬೇಕು, ಇದರ ಮೇಲೆ ಜ್ವರ, ಊರ ಜಾತ್ರೆ, ಸಂಬಂಧಿಕರ ಮದುವೆ, ಸಾವು. ವರ್ಷಕ್ಕೆ 200 ದಿನ ಕೆಲಸ ಸಿಕ್ಕಿತು ಎಂದುಕೊಳ್ಳಿ. ಎರಡು ಲಕ್ಷ. ತಿಂಗಳಿಗೆ ಹದಿನಾರೂವರೆ ಸಾವಿರದ ಮೇಲೆ ಸ್ವಲ್ಪ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಸ್ಕ್ಯಾಫೋಲ್ಡಿಂಗ್‌ನಿಂದ ಬಿದ್ದರೆ ಆಸ್ಪತ್ರೆ ಖರ್ಚು ಅವನದೇ. ಕೂಲಿ ಅಂದ ಕೂಡಲೇ ನಾವು ದಿನದ ರೇಟು ನೋಡುತ್ತೇವೆ. ಮನೆ ನಡೆಯುವುದು ವರ್ಷದ ಸಂಪಾದನೆಯಿಂದ. ಈ ಅಂಕಣದ ಉಳಿದ ಉತ್ತರಗಳೂ ಇದೇ ವ್ಯತ್ಯಾಸದ ಸುತ್ತ ತಿರುಗುತ್ತವೆ, ಈಗಲೇ ಹೇಳಿಬಿಡುತ್ತೇನೆ.

ನಿಮ್ಮ ಕಷ್ಟವೂ ಸುಳ್ಳಲ್ಲ. ಸೈಟು, ಕಬ್ಬಿಣ, ಎಂ-ಸ್ಯಾಂಡ್, ಪ್ಲಾನ್ ಅಪ್ರೂವಲ್ ಎಲ್ಲದರ ಭಾರವೂ ನಿಮ್ಮ ಮೇಲಿದೆ. ಆದರೆ ಸಿಮೆಂಟ್ ಮೂಟೆಯ ಜೊತೆ ಚೌಕಾಸಿ ಮಾಡಲು ಆಗುವುದಿಲ್ಲ, ಮೇಸ್ತ್ರಿ ಜೊತೆ ಮಾಡಬಹುದು. ಅದಕ್ಕೇ ಸಿಟ್ಟೆಲ್ಲ ಅವನ ಕಡೆಗೇ ಹರಿಯುತ್ತದೆ. ಸಿಮೆಂಟಿನ ಮೇಲಿನ ಜಿಎಸ್‌ಟಿ ಶೇ. 28 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ. 18 ಆಗಿದೆ. ಅಷ್ಟು ವರ್ಷ ಅದು 28 ಇದ್ದಾಗ ಒಬ್ಬರೂ ನನಗೆ ಪತ್ರ ಬರೆದಿರಲಿಲ್ಲ!

ಪ್ರಶ್ನೆ: ನಮ್ಮೂರಿನಿಂದ ಗಡಿ ದಾಟಿ ಕಾಸರಗೋಡಿಗೆ ಹೋದರೆ ಅದೇ ಕೆಲಸಕ್ಕೆ ಕೂಲಿ ಜಾಸ್ತಿ. ಕೇರಳದಲ್ಲಿ ಫ್ಯಾಕ್ಟರಿಗಳೂ ಹೆಚ್ಚಿಲ್ಲ, ಐಟಿಯಲ್ಲೂ ಬೆಂಗಳೂರಿಗೆ ಸಮ ಅಲ್ಲ. ಶ್ರೀಮಂತ ರಾಜ್ಯ ನಮ್ಮದು, ಕೂಲಿ ಮಾತ್ರ ಅವರದ್ದು ದೊಡ್ಡದು. ಇದು ಹೇಗೆ? — ಓದುಗರೊಬ್ಬರು, ಸುಳ್ಯ

ಉತ್ತರ: ಬಂದ ಪ್ರಶ್ನೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು. ಮೊದಲು ಅಂಕಿ ಹೇಳಿಬಿಡುತ್ತೇನೆ. 2022-23ರ ರಿಸರ್ವ್ ಬ್ಯಾಂಕ್ ಪಟ್ಟಿಯ ಪ್ರಕಾರ ಹಳ್ಳಿ ಕಡೆಯ ಗಂಡಸರಿಗೆ ಕಟ್ಟಡ ಕೆಲಸದ ಸರಾಸರಿ ದಿನಗೂಲಿ ಕೇರಳದಲ್ಲಿ 852 ರೂಪಾಯಿ. ದೇಶದ ಸರಾಸರಿ 393. ಮಧ್ಯಪ್ರದೇಶದಲ್ಲಿ 278. ಒಂದೇ ದೇಶ, ಒಂದೇ ಇಟ್ಟಿಗೆ, ಮೂರು ಪಟ್ಟು ವ್ಯತ್ಯಾಸ.

ರಾಜ್ಯ ಶ್ರೀಮಂತ ಆದರೆ ಕೂಲಿ ತಾನಾಗಿಯೇ ಏರುತ್ತದೆ ಎಂಬುದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಹಾಗೆ ಆಗುವುದಿಲ್ಲ. ಕಡಿಮೆ ಕೂಲಿಗೆ ಬರಲೇಬೇಕು ಎನ್ನುವ ಜನ ಎಲ್ಲಿ ಕಡಿಮೆ ಇದ್ದಾರೋ ಅಲ್ಲಿ ಕೂಲಿ ಏರುತ್ತದೆ. ಕೇರಳದಲ್ಲಿ ಆದದ್ದು ಅದು. 1970ರ ದಶಕದಲ್ಲಿ ಕೊಲ್ಲಿ ದೇಶಗಳಲ್ಲಿ ತೈಲದ ದುಡ್ಡು ಉಕ್ಕಿದಾಗ ಕೇರಳದ ಗಾರೆಯವರು, ಬಡಗಿಗಳು, ಎಲೆಕ್ಟ್ರಿಷಿಯನ್‌ಗಳು ಸಾಲು ಸಾಲಾಗಿ ವಿಮಾನ ಹತ್ತಿದರು. ಅತ್ತ ಆಳುಗಳು ಹೋದರು, ಇತ್ತ ಅವರು ಕಳಿಸಿದ ದುಡ್ಡಿನಲ್ಲಿ ಊರೂರಲ್ಲಿ ಮನೆ ಎದ್ದವು. ಕಟ್ಟಬೇಕಾದ ಮನೆ ಜಾಸ್ತಿ, ಕಟ್ಟುವ ಕೈ ಕಡಿಮೆ. ಕೂಲಿ ಏರದೆ ಇನ್ನೇನು?

ಇಷ್ಟೇ ಆಗಿದ್ದರೆ ಕೊಲ್ಲಿಯಲ್ಲಿ ಕೆಲಸ ಕಡಿಮೆಯಾದಾಗ ಕೂಲಿಯೂ ಇಳಿಯಬೇಕಿತ್ತು. ಇಳಿಯಲಿಲ್ಲ. ಯಾಕೆಂದರೆ ಅದರ ಹಿಂದೆ ಬೇರೆ ಕೆಲವು ಸಂಗತಿಗಳು ನಡೆದಿದ್ದವು. ಭೂ ಸುಧಾರಣೆಯಿಂದ ಕೂಲಿಯವರಿಗೆ ಕನಿಷ್ಠ ಗುಡಿಸಲು ಇದ್ದ ಜಾಗವಾದರೂ ಸ್ವಂತ ಆಯಿತು, ಹಾಗಾಗಿ ಜಮೀನ್ದಾರ ಎಬ್ಬಿಸಿ ಓಡಿಸುತ್ತಾನೆ ಎಂಬ ಹೆದರಿಕೆ ಇಲ್ಲ. ರೇಷನ್, ಸರ್ಕಾರಿ ಶಾಲೆ, ಸರ್ಕಾರಿ ಆಸ್ಪತ್ರೆ ನೆಟ್ಟಗೆ ನಡೆದವು. ಯೂನಿಯನ್ ಬಲವಾಗಿತ್ತು. ದೇಶದ ಕಾನೂನು ಬರುವುದಕ್ಕೂ ಮೊದಲೇ, 1989ರಲ್ಲೇ, ಕಟ್ಟಡ ಕಾರ್ಮಿಕರ ಕಲ್ಯಾಣ ನಿಧಿಗೆ ಕೇರಳ ಕಾಯ್ದೆ ಮಾಡಿತ್ತು. ಮನೆಯಲ್ಲಿ ಅಕ್ಕಿ ಇದ್ದು, ಮಗುವಿನ ಶಾಲೆಗೆ ಫೀಸಿನ ಚಿಂತೆ ಇಲ್ಲದ ಆಳು ಬೆಳಿಗ್ಗೆ ರೇಟು ಕೇಳಿ 'ಆಗಲ್ಲ ಕಣಪ್ಪ' ಎಂದು ವಾಪಸ್ ಹೋಗಬಲ್ಲ. ಹೀಗೆ ವಾಪಸ್ ಹೋಗುವ ತಾಕತ್ತೇ ಕೂಲಿ ಏರಿಸುವುದು.

ಇದಕ್ಕೆ ಇನ್ನೊಂದು ಮುಖವೂ ಇದೆ, ಅದನ್ನೂ ಹೇಳಬೇಕು. ಇವತ್ತು ಕೇರಳದಲ್ಲಿ ಮನೆ ಕಟ್ಟುತ್ತಿರುವವರಲ್ಲಿ ದೊಡ್ಡ ಪಾಲು ಬಂಗಾಳ, ಅಸ್ಸಾಂ, ಒಡಿಶಾ ಕಡೆಯವರು. 2013ರಲ್ಲಿ ತಿರುವನಂತಪುರದ ಗುಲಾಟಿ ಹಣಕಾಸು ಸಂಸ್ಥೆಯ ಅಧ್ಯಯನ ಕೇರಳದಲ್ಲಿರುವ ಹೊರರಾಜ್ಯದ ಕಾರ್ಮಿಕರ ಸಂಖ್ಯೆಯನ್ನು ಸುಮಾರು 25 ಲಕ್ಷ ಎಂದು ಅಂದಾಜಿಸಿತ್ತು. ವಲಸೆ ಕಾರ್ಮಿಕರು ಹೆಚ್ಚಿರುವ ಎರ್ನಾಕುಳಂ ಜಿಲ್ಲೆಯ ಪೆರುಂಬಾವೂರಿನಲ್ಲಿ ಭಾನುವಾರ ಸುತ್ತಾಡಿದರೆ ಮಲಯಾಳಂಗಿಂತ ಬಂಗಾಳಿಯೇ ಕಿವಿಗೆ ಬೀಳುತ್ತದೆ ಎನ್ನುತ್ತಾರೆ. ಓದಿದ ಮಲಯಾಳಿ ಹುಡುಗರು ಗಾರೆ ಕೆಲಸಕ್ಕೆ ಬರುವುದಿಲ್ಲ, ಓದಿಗೆ ತಕ್ಕ ಕೆಲಸವೂ ಸಿಕ್ಕಿಲ್ಲ, ಹಾಗಾಗಿ ದೇಶದಲ್ಲೇ ಅತಿ ಹೆಚ್ಚು ಕೂಲಿ ಇರುವ ರಾಜ್ಯದಲ್ಲಿ ಓದಿದವರ ನಿರುದ್ಯೋಗವೂ ಜಾಸ್ತಿ. ಹೆಚ್ಚು ಕೂಲಿ ಎಲ್ಲ ರೋಗಕ್ಕೂ ಮದ್ದು ಎಂದು ನಾನು ಹೇಳುವುದಿಲ್ಲ.

ನಮ್ಮಲ್ಲಿ ಯಾಕಿಲ್ಲ ಅಂದರೆ, ನಮ್ಮ ರಾಜ್ಯದೊಳಗೇ ಎರಡು ರಾಜ್ಯ ಇವೆ. ಕಟ್ಟಡಗಳು ಏಳುವುದು ಬೆಂಗಳೂರಲ್ಲಿ, ಕರಾವಳಿಯಲ್ಲಿ. ಆಳುಗಳು ಹೊರಡುವುದು ರಾಯಚೂರು, ಯಾದಗಿರಿ, ಕೊಪ್ಪಳ, ಕಲಬುರಗಿಯಿಂದ. ಮಂಗಳೂರಿನ ಯಾವ ಸೈಟಿಗೆ ಹೋದರೂ ಬಾಗಲಕೋಟೆ, ಗದಗ ಕಡೆಯ ಮಾತು ಕೇಳುತ್ತದೆ. ನಮ್ಮವರೇ ಗೋವಾಕ್ಕೆ, ಪುಣೆಗೆ, ಮುಂಬೈಗೆ ಹೋಗುತ್ತಾರೆ. ಅದರ ಜೊತೆಗೆ ಬೆಂಗಳೂರಿನ ದೊಡ್ಡ ಸೈಟುಗಳಿಗೆ ಬಿಹಾರ, ಜಾರ್ಖಂಡ್, ಒಡಿಶಾ, ಬಂಗಾಳದಿಂದ ರೈಲು ತುಂಬಾ ಜನ ಬರುತ್ತಾರೆ. ಕೆಳಗಿನ ಮೆಟ್ಟಿಲಿಗೆ ಹೊಸಬರು ಬರುತ್ತಲೇ ಇರುವಾಗ ಹೆಲ್ಪರ್ ಕೂಲಿ ಎಲ್ಲಿಂದ ಏರಬೇಕು ಹೇಳಿ.

ಪ್ರಶ್ನೆ: ನಾನು ಸಣ್ಣ ಕಾಂಟ್ರ್ಯಾಕ್ಟರ್. ಆಳುಗಳೇ ಸಿಗುತ್ತಿಲ್ಲ. ಗ್ಯಾರಂಟಿ ದುಡ್ಡು, ಪುಕ್ಕಟೆ ಅಕ್ಕಿ ಬಂದ ಮೇಲೆ ಯಾರಿಗೂ ಮೈ ಬಗ್ಗಿಸುವುದು ಬೇಡ. ದೊಡ್ಡ ದೊಡ್ಡ ಕಂಪನಿಯವರೇ ಇದನ್ನು ಹೇಳುತ್ತಿದ್ದಾರೆ. ನೀವು ಪತ್ರಿಕೆಯವರು ಯಾಕೆ ಬರೆಯುವುದಿಲ್ಲ? — ಗುತ್ತಿಗೆದಾರರು, ಹುಬ್ಬಳ್ಳಿ

ಉತ್ತರ: ಬರೆಯುತ್ತೇನೆ, ಆದರೆ ನಿಮಗೆ ಇಷ್ಟ ಆಗಲಿಕ್ಕಿಲ್ಲ.

ದೊಡ್ಡವರು ಹೇಳಿದ್ದು ನಿಜ. 2025ರ ಫೆಬ್ರವರಿಯಲ್ಲಿ ದೊಡ್ಡ ನಿರ್ಮಾಣ ಕಂಪನಿ ಎಲ್ ಅಂಡ್ ಟಿಯ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಚೆನ್ನೈನ ಸಭೆಯೊಂದರಲ್ಲಿ, ಕಲ್ಯಾಣ ಯೋಜನೆಗಳಿಂದಾಗಿ ಕಾರ್ಮಿಕರು ಕೆಲಸಕ್ಕಾಗಿ ಊರು ಬಿಟ್ಟು ಬರಲು ಒಪ್ಪುತ್ತಿಲ್ಲ ಎಂಬ ಅರ್ಥದ ಮಾತು ಆಡಿದ್ದರು. ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಗೃಹಲಕ್ಷ್ಮಿ ತಿಂಗಳಿಗೆ 2,000. ಮೇಸ್ತ್ರಿಯ ಎರಡು ದಿನದ ಕೂಲಿ. ಎರಡು ದಿನದ ಕೂಲಿ ಮನೆಗೆ ಬಂತು ಎಂದು ಗಂಡ ಹೆಂಡತಿ ಇಬ್ಬರೂ ಉಳಿದ 28 ದಿನ ಕಟ್ಟೆ ಮೇಲೆ ಕೂರುತ್ತಾರೆಯೇ? ಮಕ್ಕಳನ್ನು ಯಾರು ಓದಿಸುತ್ತಾರೆ? ಆದರೆ ಒಂದು ವ್ಯತ್ಯಾಸ ಖಂಡಿತ ಆಗಿದೆ. ಅಕ್ಕಿ ಮನೆಯಲ್ಲಿದ್ದರೆ, ಬಟವಾಡೆ ಸರಿಯಾಗಿ ಮಾಡದ ಕಾಂಟ್ರ್ಯಾಕ್ಟರ್ ಹತ್ತಿರ ಹೋಗುವ ತುರ್ತು ಇರುವುದಿಲ್ಲ. ಮೇಲೆ ಕೇರಳದ ಬಗ್ಗೆ ಹೇಳಿದ್ದೂ ಇದನ್ನೇ.

ಇನ್ನೊಂದು ಮಾತು. ಮಾರುಕಟ್ಟೆಯಲ್ಲಿ ಟೊಮೆಟೊ ಇಲ್ಲದಿದ್ದರೆ ಟೊಮೆಟೊ ಬೆಲೆ ಏರುತ್ತದೆ. ಆಳುಗಳೇ ಇಲ್ಲ ಅನ್ನುತ್ತೀರಿ, ಬೆಲೆ ಏರಿಕೆ ಕಳೆದರೆ ಕೂಲಿ ಹತ್ತು ವರ್ಷದಿಂದ ನಿಂತಲ್ಲೇ ನಿಂತಿದೆ. ಎರಡೂ ಹೇಗೆ ನಿಜ ಆಗುತ್ತದೆ? ನಿಜವಾದ ಅಭಾವ ಇದ್ದ ಕಾಲ ಬೇರೆ. 2004-05ರಿಂದ 2011-12ರ ನಡುವೆ ದೇಶದಲ್ಲಿ ಕಟ್ಟಡ ಕೆಲಸದಲ್ಲಿದ್ದವರ ಸಂಖ್ಯೆ ಸುಮಾರು ಎರಡೂವರೆ ಕೋಟಿಯಿಂದ ಐದು ಕೋಟಿಗೆ ಏರಿತ್ತು. ರಸ್ತೆ, ಅಪಾರ್ಟ್‌ಮೆಂಟ್, ಹಳ್ಳಿಯಲ್ಲಿ ಆರ್‌ಸಿಸಿ ಮನೆ, ಎಲ್ಲ ಒಟ್ಟಿಗೆ ಎದ್ದ ಕಾಲ. ಆಗ ನರೇಗಾ ಕೂಡ ಹೊಸದು. ಹಳ್ಳಿಯ ಕೂಲಿ ಬೆಲೆ ಏರಿಕೆಯನ್ನು ದಾಟಿ ಓಡಿದ್ದು ಆಗ. ಆಮೇಲೆ ಓಟ ನಿಧಾನವಾಯಿತು. ಕೋವಿಡ್‌ನಲ್ಲಿ ಊರಿಗೆ ಹೋದವರಲ್ಲಿ ಎಷ್ಟೋ ಮಂದಿ ಹೊಲಕ್ಕೇ ಮರಳಿದರು. ಕೃಷಿಯಲ್ಲಿರುವವರ ಪಾಲು 2018-19ರಲ್ಲಿ ಶೇ. 42.5 ಇದ್ದದ್ದು 2023-24ರಲ್ಲಿ ಶೇ. 46 ಆಗಿದೆ. ಆಳುಗಳು ಇದ್ದಾರೆ ಸಾರ್. ನೀವು ಕೊಡುವ ರೇಟಿಗೆ, ನೀವು ಕೊಡುವ ತಗಡಿನ ಶೆಡ್ಡಿಗೆ ಬರಲು ಮನಸ್ಸಿಲ್ಲ, ಅಷ್ಟೇ.

ಬರುವವರನ್ನು ನಾವು ಹೇಗೆ ನೋಡಿಕೊಂಡಿದ್ದೇವೆ ಎಂಬುದೂ ಮರೆಯುವ ಹಾಗಿಲ್ಲ. 2020ರ ಮೇ ತಿಂಗಳಲ್ಲಿ ಲಾಕ್‌ಡೌನ್ ನಡುವೆ ಉತ್ತರದ ಕಾರ್ಮಿಕರು ಊರಿಗೆ ಹೋಗಲು ರೈಲಿಗೆ ಕಾಯುತ್ತಿದ್ದಾಗ, ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ ಅವರ ಜೊತೆ ಬಿಲ್ಡರ್‌ಗಳ ಸಭೆ ನಡೆಯಿತು, ಅದಾದ ಮೇಲೆ ಶ್ರಮಿಕ್ ರೈಲುಗಳೇ ಬೇಡ ಎಂದು ರಾಜ್ಯ ಸರ್ಕಾರ ರೈಲ್ವೆಗೆ ಬರೆಯಿತು. ದೇಶದ ತುಂಬಾ ಟೀಕೆ ಬಂದ ಮೇಲೆ ಒಂದೆರಡು ದಿನದಲ್ಲಿ ಮತ್ತೆ ರೈಲು ಬಿಟ್ಟರು. ಸೈಟು ನಿಲ್ಲಬಾರದು ಎಂದು ಮನುಷ್ಯರನ್ನೇ ನಿಲ್ಲಿಸಿಕೊಳ್ಳಲು ನೋಡಿದ ನಗರ ಇದು ಎಂದು ಅವರಲ್ಲಿ ಕೆಲವರಾದರೂ ನೆನಪಿಟ್ಟುಕೊಂಡಿರುತ್ತಾರೆ.

ನಿಮಗೆ ಒಂದು ಸಲಹೆ, ಕೇಳಿದರೆ ಕೇಳಿ. ಶನಿವಾರ ಬಟವಾಡೆ ಶನಿವಾರವೇ ಮಾಡಿ. ಪೂರ್ತಿ ಮಾಡಿ. ಖರ್ಚಿಗೆ ಇಷ್ಟು ಇಟ್ಟುಕೋ, ಉಳಿದದ್ದು ಕೆಲಸ ಮುಗಿದ ಮೇಲೆ ಎನ್ನುವ ಪದ್ಧತಿ ಬಿಡಿ. ನಿಮ್ಮೂರಲ್ಲೇ ಆಳು ತಪ್ಪದ ಕಾಂಟ್ರ್ಯಾಕ್ಟರ್‌ಗಳು ಇದ್ದಾರಲ್ಲ, ಅವರು ಏನು ಮಾಡುತ್ತಾರೆ ನೋಡಿ.

ಪ್ರಶ್ನೆ: ಮದುವೆಯಾದಾಗಿನಿಂದ ಗಂಡನ ಜೊತೆ ಬೆಂಗಳೂರಲ್ಲಿ ಗಾರೆ ಕೆಲಸಕ್ಕೆ ಹೋಗುತ್ತಿದ್ದೇನೆ. ಅವರು ಮೇಸ್ತ್ರಿ ಆಗಿದ್ದಾರೆ. ನಾನು ಇನ್ನೂ ಬಾಂಡ್ಲಿ ಹೊರುತ್ತಿದ್ದೇನೆ. ನನ್ನ ನಂತರ ಬಂದ ಹುಡುಗರು ಕರಣೆ ಹಿಡಿದು ಎರಡರಷ್ಟು ಕೂಲಿ ತೆಗೆದುಕೊಳ್ಳುತ್ತಾರೆ. ಹೆಣ್ಣಾಳಿಗೆ ಅಷ್ಟೇ ಅನ್ನುತ್ತಾರೆ. ಕಾನೂನು ಇಲ್ಲವಾ? (ಮಗಳ ಕೈಲಿ ಬರೆಸಿದ್ದೇನೆ.) — ಸಿಂಧನೂರು ಕಡೆಯವರು, ಈಗ ಬೆಂಗಳೂರು

ಉತ್ತರ: ಅಕ್ಕಾ, ಕಾನೂನು ಇದೆ. 1976ರಿಂದಲೇ ಇದೆ. ಒಂದೇ ಕೆಲಸಕ್ಕೆ ಹೆಣ್ಣು ಗಂಡು ಎಂದು ಬೇರೆ ಬೇರೆ ಕೂಲಿ ಕೊಡುವ ಹಾಗಿಲ್ಲ. ಹಳೆ ಕೂಲಿ ಕಾಯ್ದೆಗಳನ್ನು ಸೇರಿಸಿ ಈಗ ತಂದಿರುವ ವೇತನ ಸಂಹಿತೆಯಲ್ಲೂ ಅದು ಇದೆ. ಆದರೆ ಕಾನೂನು ಹೇಳುವುದು 'ಒಂದೇ ಕೆಲಸ' ಎಂದು. ನಿಮಗೆ ಆ ಕೆಲಸವನ್ನೇ ಕೊಡದೆ ಇಟ್ಟಿದ್ದಾರೆ, ಮೋಸ ಇರುವುದು ಅಲ್ಲಿ. ಹುಡುಗ ಬಂದು ಮೊದಲು ನೀರು ಹೊಡೆಯುತ್ತಾನೆ, ಆಮೇಲೆ ಮಾಲು ಕಲಸುತ್ತಾನೆ, ಊಟದ ಹೊತ್ತಲ್ಲಿ ಮೇಸ್ತ್ರಿಯ ಕರಣೆ ಎತ್ತಿಕೊಂಡು ನಾಲ್ಕು ಇಟ್ಟಿಗೆ ಇಡುತ್ತಾನೆ, ಯಾರೂ ಬೈಯುವುದಿಲ್ಲ, ಎರಡು ಮೂರು ವರ್ಷದಲ್ಲಿ ಅರೆ ಮೇಸ್ತ್ರಿ. ನೀವು ಅದೇ ಕರಣೆ ಎತ್ತಿಕೊಂಡರೆ ನಗುತ್ತಾರೆ. ರಸಮಟ್ಟ ನೋಡಲು ನಿಮ್ಮ ಕಣ್ಣು ಸಾಲದು ಎಂದು ಯಾರೂ ಪರೀಕ್ಷೆ ಮಾಡಿ ಹೇಳಿದ್ದಲ್ಲ. ಅಭ್ಯಾಸ ಅಷ್ಟೇ.

ದಿನಗೂಲಿಯವರಿಗೆ ಸಂಬಳ ಏರುವುದು ವರ್ಷ ಕಳೆದ ಹಾಗೆ ಅಲ್ಲ, ಮೆಟ್ಟಿಲು ಹತ್ತಿದ ಹಾಗೆ. ಹೆಲ್ಪರ್‌ನಿಂದ ಮೇಸ್ತ್ರಿ, ಮೇಸ್ತ್ರಿಯಿಂದ ಸ್ವಂತ ಲೇಬರ್ ಕಾಂಟ್ರ್ಯಾಕ್ಟ್. ಹೆಂಗಸರನ್ನು ಮೊದಲ ಮೆಟ್ಟಿಲಲ್ಲೇ ಕೂರಿಸಿಬಿಟ್ಟರೆ ಎಷ್ಟು ವರ್ಷ ದುಡಿದರೂ ಮೊದಲ ದಿನದ ಕೂಲಿಯೇ. ಇನ್ನು ಜೋಡಿ ಕೂಲಿ ಎಂದು ಇಬ್ಬರದೂ ಸೇರಿಸಿ ಗಂಡನ ಕೈಗೇ ಕೊಟ್ಟರೆ, ನಿಮ್ಮದು ಎಷ್ಟು ಎಂಬುದು ನಿಮಗೇ ತಿಳಿಯುವುದಿಲ್ಲ. ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರು ಬೇರೆ ಬರೆಸಿ, ಹಣ ನಿಮ್ಮ ಖಾತೆಗೆ ಹಾಕಲು ಹೇಳಿ. ಜಗಳ ಆಗಬಹುದು. ಆದರೂ ಹೇಳಿ.

ಕೆಲಸ ಕಲಿಯುವ ದಾರಿ ಇಲ್ಲದೆ ಇಲ್ಲ. ಕೇರಳದಲ್ಲಿ ಸರ್ಕಾರದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ಹೆಂಗಸರ ತಂಡಗಳು ಗಾರೆ ಕೆಲಸ ಕಲಿತು ತಾವೇ ಪೂರ್ತಿ ಮನೆ ಕಟ್ಟಿಕೊಟ್ಟಿವೆ. ಅಲ್ಲಿ ತಂಡ ಕಟ್ಟಿಕೊಂಡು, ಕೆಲಸವನ್ನೇ ಗುತ್ತಿಗೆ ಹಿಡಿದರು, ಯಾವ ಮೇಸ್ತ್ರಿಯ ಅಪ್ಪಣೆಯೂ ಬೇಕಾಗಲಿಲ್ಲ. ನಿಮ್ಮ ಮನೆಯಲ್ಲೇ ಒಬ್ಬ ಮೇಸ್ತ್ರಿ ಇದ್ದಾರೆ. ಟೈಲ್ಸ್ ಕೆಲಸದಿಂದ ಶುರು ಮಾಡಿ ಎನ್ನುತ್ತೇನೆ, ಎತ್ತರ ಹತ್ತುವುದು ಕಡಿಮೆ, ಕೂಲಿ ಚೆನ್ನಾಗಿದೆ. ಅವರು ಕಲಿಸಲು ಒಪ್ಪದಿದ್ದರೆ ಮಗಳ ಕೈಲಿ ಇನ್ನೊಂದು ಪತ್ರ ಬರೆಸಿ, ಮುಂದಿನ ಸಲ ಅವರಿಗೇ ಉತ್ತರ ಬರೆಯುತ್ತೇನೆ.

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿನಿ. ನಿರ್ಮಾಣ ವಲಯ ವರ್ಷಕ್ಕೆ ಇಷ್ಟು ಪರ್ಸೆಂಟ್ ಬೆಳೆಯಿತು ಎಂದು ಓದುತ್ತೇವೆ. ಕೆಲಸಗಳೂ ಅಷ್ಟೇ ಬೆಳೆಯುತ್ತವಾ? — ದಾವಣಗೆರೆ

ಉತ್ತರ: ಇಲ್ಲ. ಬೆಂಗಳೂರಿನ ಒಂದು ಎತ್ತರದ ಅಪಾರ್ಟ್‌ಮೆಂಟ್ ಸೈಟಿಗೆ ಹೋಗಿ ನೋಡಿ. ಕಾಂಕ್ರೀಟ್ ರೆಡಿಮಿಕ್ಸ್ ಲಾರಿಯಲ್ಲಿ ಬಂದು ಪಂಪಿನಲ್ಲಿ ಮೇಲೇರುತ್ತದೆ. ಗೋಡೆಗೆ ಇಟ್ಟಿಗೆಯೇ ಇಲ್ಲ, ಅಲ್ಯೂಮಿನಿಯಂ ಶಟರಿಂಗ್ ಕಟ್ಟಿ ಗೋಡೆಯನ್ನೂ ಎರಕ ಹೊಯ್ಯುತ್ತಾರೆ. ಮೊದಲು ಮೋಲ್ಡ್ ಹಾಕುವ ದಿನ ಸಾಲಾಗಿ ನಿಂತು ಬಾಂಡ್ಲಿ ದಾಟಿಸುತ್ತಿದ್ದ ಜನ ಈಗ ಬೇಕಿಲ್ಲ. ಕಟ್ಟಡದ ಬೆಲೆ ಏರುತ್ತದೆ, ಅಂಕಿಯಲ್ಲಿ ವಲಯ ಬೆಳೆಯುತ್ತದೆ, ತಲೆಗಳು ಅಷ್ಟು ಏರುವುದಿಲ್ಲ. ಜನರಿಗೆ ಹೆಚ್ಚು ಕೆಲಸ ಕೊಡುವುದು ಈಗಲೂ ತುಮಕೂರು ಮೇಷ್ಟ್ರಂಥವರು ಕಟ್ಟಿಸುವ ಸಣ್ಣ ಮನೆಗಳೇ. ದೇಶದಲ್ಲಿ ದುಡಿಯುವವರಲ್ಲಿ ಸುಮಾರು ಶೇ. 12 ಮಂದಿ ಕಟ್ಟಡ ಕೆಲಸದಲ್ಲಿದ್ದಾರೆ, ಅವರಲ್ಲಿ ಡಿಗ್ರಿ ಇರುವವರು ಬೆರಳೆಣಿಕೆ. ಡಿಗ್ರಿ ಮುಗಿದ ಮೇಲೆ ಮೊದಲ ವರ್ಷ ಸೈಟ್ ಎಂಜಿನಿಯರ್ ಆದರೆ ನಿಮ್ಮ ಸಂಬಳ ಟೈಲ್ಸ್ ಮೇಸ್ತ್ರಿಗಿಂತ ಕಡಿಮೆ ಇರಬಹುದು, ಗಾಬರಿ ಆಗಬೇಡಿ.

ಪ್ರಶ್ನೆ: ಲೇಬರ್ ಕಾರ್ಡ್ ಮಾಡಿಸಿಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ನಮ್ಮೂರಲ್ಲಿ ಕಟ್ಟಡ ಕೆಲಸ ಕಣ್ಣಲ್ಲೂ ನೋಡದವರ ಹತ್ತಿರ ಕಾರ್ಡ್ ಇದೆ, ನಾನು ಪೇಂಟರ್, ನನಗಿಲ್ಲ. ಆ ದುಡ್ಡು ಬರುವುದಾದರೂ ಎಲ್ಲಿಂದ? — ಚಿತ್ರದುರ್ಗ

ಉತ್ತರ: ದುಡ್ಡು ಕೊಡುವುದು ಕಟ್ಟಡ ಕಟ್ಟಿಸುವವರು. 1996ರ ಸೆಸ್ ಕಾಯ್ದೆ ತಂದ ನಿಯಮದ ಪ್ರಕಾರ ಕಟ್ಟಡದ ವೆಚ್ಚದ ಶೇ. 1 ಸೆಸ್ ಆಗಿ, ಲೇಬರ್ ಕಾರ್ಡ್ ಕೊಡುವ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಮೆಟ್ರೋ ಇರಲಿ, ಫ್ಲೈಓವರ್ ಇರಲಿ, ಮಾಲ್ ಇರಲಿ, ಶೇ. 1. ಹಾಗಾಗಿ ಮಂಡಳಿಗಳಲ್ಲಿ ಹಣಕ್ಕೆ ಬರ ಇಲ್ಲ. ಬರ ಇರುವುದು ಸರಿಯಾದ ಕೈಗೆ ತಲುಪಿಸುವುದರಲ್ಲಿ. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ಎಲ್ಲ ರಾಜ್ಯಗಳ ಕಿವಿ ಹಿಂಡಿತ್ತು. ಕಾರ್ಮಿಕರ ಹಣದಲ್ಲಿ ಲ್ಯಾಪ್‌ಟಾಪ್, ವಾಷಿಂಗ್ ಮೆಷಿನ್ ಕೊಂಡ ಸಂಗತಿ ಆ ಪ್ರಕರಣದಲ್ಲಿ ಹೊರಬಿದ್ದಿತ್ತು.

18ರಿಂದ 60 ವರ್ಷದೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ನೋಂದಣಿ ಮಾಡಿಸಬಹುದು. ಪೇಂಟರ್ ಕೂಡ ಕಟ್ಟಡ ಕಾರ್ಮಿಕರೇ, ಅನುಮಾನ ಬೇಡ. ನಿಜವಾದವರಿಗೆ ಈ 90 ದಿನದ ಸರ್ಟಿಫಿಕೇಟೇ ತಲೆನೋವು, ಯಾಕೆಂದರೆ ಹತ್ತು ಕಡೆ ಹತ್ತು ದಿನ ಕೆಲಸ ಮಾಡಿದವನಿಗೆ ಸಹಿ ಹಾಕಿಕೊಡುವ ಒಬ್ಬ ಮಾಲೀಕ ಇರುವುದಿಲ್ಲ, ಸುಳ್ಳು ಕಾರ್ಡಿನವನಿಗೆ ಸಹಿ ದುಡ್ಡಿಗೆ ಸಿಗುತ್ತದೆ. ಕೆಲಸ ಮಾಡಿದ ಮನೆಗಳ ವಿಳಾಸ, ಕೆಲಸದ ಫೋಟೊ, ಬಂದ ಯುಪಿಐ ಹಣದ ಪಟ್ಟಿ ಇಟ್ಟುಕೊಳ್ಳಿ. ಕಾರ್ಮಿಕ ನಿರೀಕ್ಷಕರ ಮುಂದೆ ಇವು ಮಾತಾಡುತ್ತವೆ. ಮಗಳ ಮದುವೆಗೆ ಸಹಾಯಧನ, ಹೆರಿಗೆಗೆ ಸಹಾಯ, 60 ದಾಟಿದ ಮೇಲೆ ತಿಂಗಳಿಗೆ 3,000 ಪಿಂಚಣಿ, ಇವೆಲ್ಲ ಇರುವುದು ಕಾರ್ಡ್ ಜೀವಂತ ಇದ್ದರೆ ಮಾತ್ರ. ನವೀಕರಣ ತಪ್ಪಿಸಬೇಡಿ.

ಒಂದು ಹೊಸ ವಿಷಯ. 2025ರ ನವೆಂಬರ್ 21ರಿಂದ ಹಳೆ ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೆ ಕಾಯ್ದೆಯಲ್ಲಿ 10 ಲಕ್ಷದೊಳಗಿನ ಸ್ವಂತ ಮನೆಗೆ ಮಾತ್ರ ಸೆಸ್ ವಿನಾಯಿತಿ ಇತ್ತು. ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಆ ಮಿತಿ 50 ಲಕ್ಷ. ತುಮಕೂರು ಮೇಷ್ಟ್ರಿಗೆ ಇದು ಸಿಹಿ ಸುದ್ದಿ. ಚಿತ್ರದುರ್ಗದಂಥ ಊರುಗಳಲ್ಲಿ ಏಳುವ ಮನೆಗಳಲ್ಲಿ ಹೆಚ್ಚಿನವು ಇದರೊಳಗೇ ಬಂದುಬಿಡುತ್ತವೆ. ಮಂಡಳಿಗೆ ಆ ಮನೆಗಳಿಂದ ಬರುವ ಹಣ ನಿಲ್ಲುತ್ತದೆ. ಇದರ ಬಗ್ಗೆ ಚರ್ಚೆ ನಡೆದದ್ದೇ ಕಡಿಮೆ, ನನಗೆ ಇದು ಸರಿ ಕಾಣುವುದಿಲ್ಲ.

ಪ್ರಶ್ನೆ: ಬಿ.ಎ. ಮುಗಿಸಿದ್ದೇನೆ. ಅಣ್ಣ ಬೆಂಗಳೂರಲ್ಲಿ ಬಾರ್ ಬೆಂಡಿಂಗ್ (ಕಬ್ಬಿಣ ಕಟ್ಟುವ) ಕೆಲಸದಲ್ಲಿದ್ದಾನೆ, ಬಾ ಅನ್ನುತ್ತಾನೆ. ಊರಲ್ಲಿ ನರೇಗಾ ಬಿಟ್ಟರೆ ಏನೂ ಇಲ್ಲ. ಹೋಗಲಾ? — ಯಾದಗಿರಿ ಜಿಲ್ಲೆ

ಉತ್ತರ: ನರೇಗಾದಲ್ಲಿ 2025-26ರಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಬೆಂಗಳೂರಲ್ಲಿ ಅದಕ್ಕಿಂತ ಜಾಸ್ತಿ ಸಿಗುತ್ತದೆ, ಬಾಡಿಗೆ ಊಟಕ್ಕೂ ಜಾಸ್ತಿ ಹೋಗುತ್ತದೆ. ಕೇಂದ್ರ ಸರ್ಕಾರದ ವ್ಯಾಪ್ತಿಯ ಕಾಮಗಾರಿಗಳಿಗೆ 2024ರ ಅಕ್ಟೋಬರ್‌ನಲ್ಲಿ ನಿಗದಿ ಮಾಡಿದ ಕನಿಷ್ಠ ಕೂಲಿ ದೊಡ್ಡ ನಗರಗಳಲ್ಲಿ ಕೌಶಲ ಇಲ್ಲದವರಿಗೆ 783, ಕೌಶಲ ಇದ್ದವರಿಗೆ 954 ಇತ್ತು. ಅಣ್ಣನ ಸೈಟಿನಲ್ಲಿ ಎಷ್ಟು ಕೊಡುತ್ತಾರೆ ಕೇಳು. ಎಷ್ಟು ಎಂಬುದರ ಜೊತೆ, ಕಳೆದ ಮೂರು ತಿಂಗಳಲ್ಲಿ ಎಷ್ಟು ದಿನ ಕೆಲಸ ಆಯಿತು, ಬಾಕಿ ಎಷ್ಟು ನಿಂತಿದೆ ಎಂದೂ ಕೇಳು. ಮುಂಗಡ ತೆಗೆದುಕೊಂಡು ಹೋಗಬೇಡ, ಮುಂಗಡ ತಗೊಂಡವನಿಗೆ ರೇಟು ಮಾತಾಡುವ ಬಾಯಿ ಇರುವುದಿಲ್ಲ. ಹೋಗುವುದಾದರೆ ಪ್ಲಂಬಿಂಗ್ ಅಥವಾ ವೈರಿಂಗ್ ಮಾಡುವವರ ಕೈಕೆಳಗೆ ಸೇರಿಕೋ. ಕಬ್ಬಿಣ ಕಟ್ಟುವ ಕೆಲಸ ಕಟ್ಟಡ ಏಳುವಾಗ ಮಾತ್ರ. ನಲ್ಲಿ ಸೋರುವುದು, ಸ್ವಿಚ್ ಸುಡುವುದು ಕಟ್ಟಡ ಎದ್ದ ಮೇಲೂ ಇರುತ್ತದೆ. ಹೆಲ್ಮೆಟ್, ಬೆಲ್ಟ್ ಕೊಡದ ಸೈಟಾದರೆ ಅಣ್ಣನನ್ನೂ ಕರೆದುಕೊಂಡು ಹೊರಗೆ ಬಾ. ಬೆಂಗಳೂರು ಮುಟ್ಟಿದ ಮೇಲೆ ಲೇಬರ್ ಕಾರ್ಡಿಗೆ ಬೇಕಾದ 90 ದಿನದ ಲೆಕ್ಕ ಮೊದಲ ದಿನದಿಂದಲೇ ಬರೆದಿಡು.